ಬಡಿತಕ್ಕೆ ಬಿಟ್ಟ ಜಾಗ

ಬುಧವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಕೂರಲೂ ಇಲ್ಲ, ನಮಸ್ಕಾರವನ್ನೂ ಹೇಳಲಿಲ್ಲ. ಇನ್ಸ್‌ಪೆಕ್ಟರ್ ಮೇಡಮ್ ಅವರ ಮೇಜಿನ ಮೇಲೆ ಒಂದು ನೀಲಿ ಪಂಪು ಇಟ್ಟಳು. ಉಬ್ಬಸ ಇದ್ದವರು ಬಾಯಿಗೆ ಹಿಡಿದು ಒತ್ತಿಕೊಳ್ಳುತ್ತಾರಲ್ಲ, ಅದು.

"ಇದು ಮನೇಲೇ ಉಳಿದುಬಿಟ್ಟಿದೆ. ಅವರು ಬಂದಿಲ್ಲ."

"ಅವರು ಅಂದ್ರೆ?"

"ನಮ್ಮ ಯಜಮಾನ್ರು. ಗುಹೇಲಿ ಲೈಟು ನೋಡ್ಕೊಳ್ತಾರೆ. ಎಲ್ಲರೂ ಲೈಟಣ್ಣ ಅಂತಾರಲ್ಲ, ಅವರೇ."

ಲೈಟಣ್ಣ ಯಾರೆಂದು ಇನ್ಸ್‌ಪೆಕ್ಟರಿಗೆ ಗೊತ್ತಿತ್ತು. ಠಾಣೆಯ ಟ್ಯೂಬ್‌ಲೈಟು ಕೈಕೊಟ್ಟಾಗಲೆಲ್ಲ ಬರುತ್ತಿದ್ದವನು ಅವನೇ. ಗುಹೆ ಗೊತ್ತಿಲ್ಲದವರಂತೂ ಯಾರೂ ಇಲ್ಲ. ಬಸ್ಸುಗಟ್ಟಲೆ ಜನ ಬರುವುದು ಕಲ್ಲು ನೋಡಲಿಕ್ಕೆ ಎಂದು ಟಿಕೆಟ್ಟಿನ ಮೇಲೆ ಬರೆದಿದೆ. ಬರುವುದು ಮಾತ್ರ ದೀಪದವಳಿಗೆ. ದೀಪ ಆರಿ ಒಳಗೇ ಉಳಿದುಹೋದ ಹೆಂಗಸು ಈಗಲೂ ಬಂಡೆ ಬಡಿಯುತ್ತಾಳೆ ಎಂಬುದು ಕತೆ. ಹೊರಗೆ ಬಂದವರು ಒಬ್ಬರಿಗೊಬ್ಬರು ತೋಳಿನ ಕೂದಲು ಎದ್ದದ್ದನ್ನು ತೋರಿಸಿಕೊಳ್ಳುತ್ತಾರೆ.

"ಕೊನೇ ಸಲ ನೋಡಿದ್ದು?"

"ನಿನ್ನೆ ಬೆಳಿಗ್ಗೆ. ಊಟದ ಡಬ್ಬಿ ತಗೊಂಡು ಹೋದ್ರು."

"ಮನೇಲಿ ಜಗಳ?"

"ಉಪ್ಪು ಜಾಸ್ತಿ, ಉಪ್ಪು ಕಮ್ಮಿ, ಅದು ದಿನಾ ಇರೋದೇ. ಅಷ್ಟಕ್ಕೆಲ್ಲ ಮನೆ ಬಿಡೋ ಹಾಗಿದ್ರೆ ಮದುವೆ ಆದ ವಾರವೇ ಬಿಡಬೇಕಿತ್ತು."

"ಕುಡಿತ?"

"ಸೋಡಾ ಕುಡಿದ್ರೂ ಕೆಮ್ತಾರೆ ಮೇಡಮ್."

"ಗುಹೇಲಿ ವಿಚಾರಿಸಿದ್ರಾ?"

"ನಮ್ಮಣ್ಣ ಅಲ್ಲೇ ಗೈಡು. ಸಂಜೆ ಐದೂವರೆಗೆ ಇವರು ಮೊಪೆಡ್ಡು ಓಡಿಸ್ಕೊಂಡು ಹೋಗಿದ್ದು ಕಣ್ಣಾರೆ ನೋಡಿದನಂತೆ. ಪಾಪ, ರಾತ್ರಿಯೆಲ್ಲ ನಮ್ಮನೇಲೇ ಕೂತಿದ್ದ. ಬಂದೇ ಬರ್ತಾನೆ, ಅಳಬೇಡ ಅಂತಿದ್ದ."

"ಈ ಪಂಪು ಇಲ್ಲದೆ ಎಷ್ಟು ಹೊತ್ತು ಇರ್ತಾರೆ?"

ಹೆಂಗಸು ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಒಂದು ರಾತ್ರಿ ಹೇಗೋ ಕಳೀತಾರೆ. ಎರಡನೇದು ನಾನು ನೋಡಿಲ್ಲ."

ಕಾಣೆಯಾದ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. ಹೆಂಗಸು ಸಹಿ ಹಾಕಿ ಪಂಪಿಗೆ ಕೈ ಚಾಚಿದಾಗ ಇನ್ಸ್‌ಪೆಕ್ಟರ್, "ಇದು ನನ್ನ ಹತ್ರ ಇರಲಿ. ಹುಡುಕೋರ ಕೈಯಲ್ಲೇ ಇದ್ದರೆ ಒಳ್ಳೇದು," ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು.

ಜೊತೆಗೆ ಹೊರಟವನು ಹೆಡ್ ಕಾನ್‌ಸ್ಟೇಬಲ್ ಉದ್ದಣ್ಣ. ಹೆಸರಿಗೆ ತಕ್ಕ ಆಳು. ಜೀಪಿನಲ್ಲಿ ಕೂತರೆ ಟೋಪಿ ಮಡಿಲಲ್ಲಿ ಇಟ್ಟುಕೊಳ್ಳಬೇಕು. ಅವನಿಗೆ ಗುಹೆಯ ಕಡೆ ಹೋಗುವುದು ಅಷ್ಟು ಇಷ್ಟವಿರಲಿಲ್ಲ.

"ದೆವ್ವ ಗಿವ್ವ ನಂಬ್ತೀಯೇನೋ?" ಎಂದು ಮೇಡಮ್ ಕೇಳಿದರು.

"ಛೆ, ನಂಬಲ್ಲ ಮೇಡಮ್. ಆದ್ರೆ ಅವು ನನ್ನನ್ನ ನಂಬ್ಕೊಂಡು ಬಂದ್ರೆ ಏನು ಮಾಡೋದು ಅಂತ."

ಮೊದಲು ಸಿಕ್ಕಿದ್ದು ಮೊಪೆಡ್ಡು. ಬಸ್ ನಿಲ್ದಾಣದ ಗಾಡಿ ಸ್ಟ್ಯಾಂಡಿನಲ್ಲಿ, ಕೊನೆಯ ಸಾಲಿನಲ್ಲಿ, ಹಿಂದಿನ ಸೀಟಿಗೆ ಹಗ್ಗ ಸುತ್ತಿದ ಹಾಗೆಯೇ ನಿಂತಿತ್ತು. ಸ್ಟ್ಯಾಂಡು ನೋಡಿಕೊಳ್ಳುವ ಮುದುಕ ಬೀಡಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಉತ್ತರ ಹೇಳಿದ.

"ಯಾವಾಗ ಬಂತು?"

"ನಿನ್ನೆ ಸಂಜೆ, ಬೀದಿದೀಪ ಹತ್ತೋ ಹೊತ್ತು."

"ತಂದವನು?"

"ಹಸಿರಂಗಿ. ಗುಹೆಯವರೆಲ್ಲ ಅದೇ ಹಾಕೋದು, ಗಿಳಿ ಹಿಂಡು ಇದ್ದಹಾಗೆ. ಯಾವ ಗಿಳಿ ಅಂತ ಹೇಳ್ಲಿ? ತಳ್ಕೊಂಡು ಬಂದ. ಬೆವರು ಸುರೀತಿತ್ತು. ಪೆಟ್ರೋಲ್ ಖಾಲೀನಾ ಅಂದೆ. ಹೂಂ ಅಂದ."

ಉದ್ದಣ್ಣ ಟ್ಯಾಂಕಿನ ಮುಚ್ಚಳ ತಿರುಗಿಸಿ ಇಣುಕಿದ. ಗಾಡಿ ಅಲುಗಾಡಿಸಿದ. ಒಳಗೆ ಪೆಟ್ರೋಲು ಗುಳುಗುಳು ಅಂತು. ಕತ್ತಿನ ತನಕ ತುಂಬಿತ್ತು.

"ಕೀಲಿ ಇಲ್ಲದವನು ತಳ್ತಾನೆ," ಎಂದ ಉದ್ದಣ್ಣ.

"ಕೀಲಿ ಇರೋನು ಎಲ್ಲಿದಾನೆ ಅನ್ನೋದು ಪ್ರಶ್ನೆ," ಎಂದರು ಇನ್ಸ್‌ಪೆಕ್ಟರ್. "ಅದಕ್ಕಿಂತ ಮೊದಲು, ಓಡಿಸ್ಕೊಂಡು ಹೋಗಿದ್ದನ್ನ ಕಣ್ಣಾರೆ ನೋಡಿದ ಅಣ್ಣನ ಕಣ್ಣು ಒಂದು ಸಲ ನೋಡಬೇಕು."

ಹನ್ನೆರಡು ಹೊಡೆದ ಸ್ವಲ್ಪ ಹೊತ್ತಿಗೆ ಗುಹೆಯ ಕಚೇರಿ ಮುಟ್ಟಿದರು. ಮ್ಯಾನೇಜರ್ ಕುರ್ಚಿ ಎಳೆದ, ನೀರು ತರಿಸಿದ, ಲೈಟಣ್ಣ ಇವತ್ತು ಬಂದಿಲ್ಲವೆಂದು ತನಗೆ ಈಗಷ್ಟೇ ಗೊತ್ತಾಯಿತು ಎಂದ. ಇಲ್ಲಿ ಗೈಡುಗಳು ಇಬ್ಬರೇ. ಒಬ್ಬಳು ಕತೆಯಕ್ಕ, ಅವಳ ಗುಂಪಿಗೇ ಸೇರಿಸಿ ಎಂದು ಜನ ಕಾದು ನಿಲ್ಲುತ್ತಾರೆ. ಇನ್ನೊಬ್ಬ ಲೈಟಣ್ಣನ ಹೆಂಡತಿಯ ಅಣ್ಣ.

"ಅವನನ್ನ ಸಪ್ಪೆ ಅಂತ ಕರೀತೀವಿ. ಅವನೂ ಬೇಜಾರು ಮಾಡ್ಕೊಳ್ಳಲ್ಲ," ಎಂದು ಮ್ಯಾನೇಜರ್ ನಕ್ಕ. "ಒಳ್ಳೆ ಮನುಷ್ಯ. ಕತೆ ಹೇಳಿದ್ರೆ ಮಾತ್ರ ಕರೆಂಟ್ ಬಿಲ್ ಓದಿದ ಹಾಗಿರುತ್ತೆ. ಈಗಷ್ಟೇ ಗುಂಪು ಕರ್ಕೊಂಡು ಒಳಗೆ ಹೋದ. ಬರೋದು ಮುಕ್ಕಾಲು ಗಂಟೆ ಆಗುತ್ತೆ."

"ಇನ್ನೊಂದು ದಾರಿ ಇದೆಯಾ ಹೊರಗೆ ಬರೋಕೆ?"

"ಹೋಗೋದೂ ಬರೋದೂ ಒಂದೇ ಬಾಯಿ."

"ಹಾಗಾದ್ರೆ ಕಾಯ್ತೀವಿ."

ನೌಕರರ ಕೋಣೆ ಅಂಗೈಯಗಲ. ಗೋಡೆಗೆ ತಾಗಿ ಕಬ್ಬಿಣದ ಕಪಾಟುಗಳು, ಎಲ್ಲಕ್ಕೂ ಒಂದೇ ತರದ ಹಿತ್ತಾಳೆ ಬೀಗ. ಒಂದಕ್ಕೆ ಮಾತ್ರ ಬೀಗವಿಲ್ಲ. ಚಿಲಕವನ್ನು ದಾರದಿಂದ ಕಟ್ಟಿತ್ತು. ಯಾರದೆಂದು ಕೇಳಿದರೆ ಸಪ್ಪೆಯದು. ಒಳಗೆ ಬಾಚಣಿಗೆ, ಒಂದು ಜೊತೆ ಚಪ್ಪಲಿ, ಕೊಡೆ. ಬೀಗ ಎಲ್ಲಿ ಹೋಯಿತೋ ಮ್ಯಾನೇಜರಿಗೆ ತಿಳಿಯದು. ಉದ್ದಣ್ಣ ಅದನ್ನು ಬರೆದುಕೊಂಡ. ಬರೆದುಕೊಳ್ಳುವ ಭರದಲ್ಲಿ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡ.

ಹೊರಗಿನ ಕಲ್ಲುಬೆಂಚಿನ ಮೇಲೆ ಹತ್ತು ಗಂಟೆಯ ಗುಂಪಿನವರು ಇನ್ನೂ ಕೂತಿದ್ದರು. ದೆವ್ವ ಕಂಡವರಿಗೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ, ಯಾರಿಗಾದರೂ ಹೇಳಬೇಕು. ಇನ್ಸ್‌ಪೆಕ್ಟರ್ ಅವರ ನಡುವೆ ಹೋಗಿ ಕೂತರು.

"ನನ್ನ ಜಡೆ ಹಿಡಿದು ಎಳೀತು ಮೇಡಮ್," ಎಂದಳೊಬ್ಬಳು.

"ಅದು ನಾನು ಕಣೇ," ಎಂದ ಪಕ್ಕದ ಗಂಡ. "ಕತ್ತಲಲ್ಲಿ ನಿನ್ನ ಕೈ ಹುಡುಕ್ತಿದ್ದೆ."

"ಕೈ ಇರೋದು ತಲೆ ಮೇಲೇನ್ರೀ? ಅದು ಹೋಗ್ಲಿ, ಬಡಿದದ್ದು? ಅದೂ ನೀವೇನಾ?"

"ಬಡಿದದ್ದು ನಾನಲ್ಲ," ಎಂದ ಅವನು, ನಗು ಅಳಿಸಿಕೊಂಡು. "ಅದು ಎಲ್ಲರಿಗೂ ಕೇಳ್ತು."

ಬೆಂಚಿನ ತುದಿಯಲ್ಲಿ ದಪ್ಪ ಕನ್ನಡಕದ ಯಜಮಾನರೊಬ್ಬರು ಅಸಮಾಧಾನದಿಂದ ಕೂತಿದ್ದರು. ನಿನ್ನೆ ಮೂರು ಗಂಟೆಗೂ ಬಂದಿದ್ದರಂತೆ. ಎಷ್ಟು ಹಿಡಿಸಿತೆಂದರೆ ಹೊರಗೆ ಬಂದವರೇ ಇನ್ನೊಂದು ಟಿಕೆಟ್ಟು ತೆಗೆದು ನಾಲ್ಕರ ಗುಂಪಿನೊಡನೆಯೂ ಹೋದರಂತೆ. ಇವತ್ತು ಬೀಗರನ್ನೆಲ್ಲ ಕಟ್ಟಿಕೊಂಡು ತೋರಿಸಲು ಬಂದಿದ್ದರು.

"ಮರ್ಯಾದೆ ಹೋಯ್ತು ನೋಡಿ. ನಿನ್ನೆ ಹೇಗಿತ್ತು ಅಂತೀರಿ? ಮೂರಕ್ಕೆ ಮೂರೇ ಏಟು, ಢಣ್ ಢಣ್ ಢಣ್. ನಾಲ್ಕಕ್ಕಂತೂ ನಿಲ್ಲಿಸಲೇ ಇಲ್ಲ, ಹುಚ್ಚು ಹಿಡಿದ ಹಾಗೆ ಬಡೀತು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಇವತ್ತು ಏನೂ ಇಲ್ಲ. ಟಣ್... ಅಂತ ಒಂದು. ಆಮೇಲೆ ಬಹಳ ಹೊತ್ತು ಬಿಟ್ಟು ಇನ್ನೊಂದು. ಮೂರನೇದು ಬಂತೋ ಇಲ್ವೋ. ಬೀಗರು ನನ್ನ ಮುಖ ನೋಡ್ತಾರೆ."

"ದೆವ್ವಕ್ಕೂ ಸುಸ್ತಾಗುತ್ತಾ?" ಎಂದು ಉದ್ದಣ್ಣ ತಮಾಷೆಗೆ ಅಂದ.

ಯಾರೋ ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ. ಅವರ ಕೈ ತಾನಾಗಿಯೇ ಅಂಗಿಯ ಜೇಬಿನ ಮೇಲೆ ಹೋಗಿತ್ತು.

ಎದ್ದವರೇ ಕತೆಯಕ್ಕನನ್ನು ಹುಡುಕಿದರು. ಅವಳು ಟಿಕೆಟ್ ಕಿಟಕಿಯ ನೆರಳಲ್ಲಿ ಬಿಸಿನೀರು ಕುಡಿಯುತ್ತಾ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

"ಬಡಿಯೋರು ಯಾರು?"

"ದೀಪದವಳು ಮೇಡಮ್," ಎಂದಳು ಕತೆಯಕ್ಕ, ಅಭ್ಯಾಸಬಲದಿಂದ.

"ನಾನು ಟಿಕೆಟ್ ತಗೊಂಡು ಬಂದಿಲ್ಲ."

ಕತೆಯಕ್ಕ ಮ್ಯಾನೇಜರನ ಕೋಣೆಯ ಕಡೆ ನೋಡಿದಳು. "ಅವರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ. ನನ್ನದೂ, ಲೈಟಣ್ಣನದೂ."

"ಕೆಲಸ ಆಮೇಲೆ ಹೋಗ್ಲಿ. ಲೈಟಣ್ಣ ನಿನ್ನೆಯಿಂದ ಮನೆಗೆ ಹೋಗಿಲ್ಲ."

"ಯಾರು ಹೇಳಿದ್ದು? ಇವತ್ತು ಹತ್ತು ಗಂಟೆಗೆ ನನಗೆ ಬಡಿದ್ನಲ್ಲ..." ಎಂದವಳು ಅಲ್ಲೇ ನಿಂತಳು. ಲೋಟದ ನೀರು ಸೀರೆಯ ಮೇಲೆ ಚೆಲ್ಲಿದ್ದು ಅವಳಿಗೆ ಗೊತ್ತಾಗಲಿಲ್ಲ.

ಒಳಗೆ ನಡೆಯುತ್ತಲೇ ಅವಳು ಎಲ್ಲ ಹೇಳಿದಳು. ದೊಡ್ಡ ಹಜಾರದ ಮೂಲೆಯಲ್ಲಿ, ಬಂಡೆಯ ಮರೆಗೆ, ಒಂದು ಕಬ್ಬಿಣದ ಬಾಗಿಲು. ಅದರ ಹಿಂದೆ ಸೊಟ್ಟಸೊಟ್ಟಗೆ ಹೋಗುವ ಕುರುಡು ದಾರಿ, ವೈರಿನ ಪೈಪು ಅಲ್ಲಿಂದ ಹಾಯುತ್ತದೆ. ಒಳಗೆ ಕೂಗಿದರೆ ತಿರುವುಗಳೇ ದನಿಯನ್ನು ನುಂಗುತ್ತವೆ. ಸ್ಪ್ಯಾನರಿನಿಂದ ಪೈಪಿಗೆ ಬಡಿದರೆ ಮಾತ್ರ ಇಡೀ ಹಜಾರ ಕೇಳುತ್ತದೆ. ಅದೂ ಫ್ಯಾನು ನಿಂತಾಗ. ಒಳಗೆ ಗಾಳಿಯಾಡಿಸುವ ಆ ದೊಡ್ಡ ಫ್ಯಾನಿಗೂ ದೀಪಗಳಿಗೂ ಒಂದೇ ಸ್ವಿಚ್ಚು. ಕತೆಯ ಕೊನೆಗೆ ಗೈಡು ಅದನ್ನು ಆರಿಸುತ್ತಾನೆ. ಆಗ ಕತ್ತಲೆ, ಆಗಲೇ ನಿಶ್ಶಬ್ದ, ಆಗ ಲೈಟಣ್ಣನ ಮೂರು ಏಟು.

"ಅಂದ್ರೆ ಅವನು ಎಷ್ಟೇ ಬಡಿದ್ರೂ ಯಾರಿಗಾದ್ರೂ ಕೇಳೋದು ಕತ್ತಲಾದಾಗ ಮಾತ್ರ," ಎಂದರು ಇನ್ಸ್‌ಪೆಕ್ಟರ್.

"ಹೂಂ."

"ಕತ್ತಲಲ್ಲಿ ಬಡಿದ್ರೆ ಚಪ್ಪಾಳೆ."

ಕತೆಯಕ್ಕ ನಡಿಗೆ ಬಿರುಸು ಮಾಡಿದಳು. ಸ್ವಲ್ಪ ದೂರ ಹೋದ ಮೇಲೆ ತಾನೇ ಅಂದಳು. "ನಿನ್ನೆ ಮಧ್ಯಾಹ್ನ ನನಗೆ ತಲೆನೋವು. ಹೇಳದೇನೇ ಮನೆಗೆ ಹೋದೆ. ಅವನು ಅಷ್ಟರಲ್ಲಿ ನನ್ನ ಮೂರು ಗಂಟೆ ಗುಂಪಿಗೆ ಅಂತ ಒಳಗೆ ಹೋಗಿ ಕೂತಿರಬೇಕು. ಆ ಗುಂಪನ್ನ ಸಪ್ಪೆ ಕರ್ಕೊಂಡು ಹೋದ. ಇವತ್ತು ಏಟು ತಡವಾಗಿ ಬಂತಲ್ಲ, ಹೇಳದೆ ಹೋದೆ ಅಂತ ಲೈಟಣ್ಣನಿಗೆ ನನ್ನ ಮೇಲೆ ಕೋಪ ಅಂದ್ಕೊಂಡೆ."

"ಬಾಗಿಲು ನೋಡ್ಲಿಲ್ವಾ?"

"ನಾವು ಆ ಕಡೆ ತಿರುಗೋದೇ ಇಲ್ಲ ಮೇಡಮ್. ನಾವು ನೋಡಿದ್ರೆ ಜನ ನೋಡ್ತಾರೆ."

"ಸಪ್ಪೆ ಗುಂಪಿಗೂ ಲೈಟಣ್ಣ ಬಡೀತಾನಾ?"

"ಯಾವತ್ತೂ ಇಲ್ಲ."

ದಾರಿ ಇಳಿಜಾರು, ಕೆಳಗೆ ಜಾರು. ಉದ್ದಣ್ಣ ಬಗ್ಗಿಕೊಂಡೇ ಓಡುತ್ತಿದ್ದ. ಫ್ಯಾನಿನ ಗುಂಯ್ ಶಬ್ದ ಹತ್ತಿರವಾಯಿತು. ಹಜಾರದ ಬಾಯಿಗೆ ಅವರು ಬರುವುದಕ್ಕೂ ಒಮ್ಮೆಲೇ ದೀಪ ಆರುವುದಕ್ಕೂ ಸರಿಹೋಯಿತು.

ಫ್ಯಾನು ನಿಧಾನವಾಗಿ ಉಸಿರು ಬಿಟ್ಟು ನಿಂತಿತು. ಕಣ್ಣ ಮುಂದೆ ಹಿಡಿದ ಕೈಯೂ ಕಾಣದ ಕತ್ತಲೆ. ಉದ್ದಣ್ಣ ಟಾರ್ಚಿನ ಗುಂಡಿಗೆ ಬೆರಳು ಹಾಕಿದ್ದ. ಇನ್ಸ್‌ಪೆಕ್ಟರ್ ಅವನ ಮಣಿಕಟ್ಟು ಹಿಡಿದು ತಡೆದರು. ಈ ಒಂದು ನಿಮಿಷದಲ್ಲೇ ಕೇಳಬೇಕು. ಬಡಿತ ಬಂದರೆ ಮನುಷ್ಯ ಬದುಕಿದ್ದಾನೆ.

ಕತ್ತಲೊಳಗಿಂದ ಸಪ್ಪೆಯ ದನಿ ಕೇಳಿಸುತ್ತಿತ್ತು. ಏರಿಳಿತವಿಲ್ಲದ, ಆದರೂ ಏನೋ ಒಳಗಿಟ್ಟುಕೊಂಡಂಥ ದನಿ.

"ಎಣ್ಣೆ ಮುಗಿದಿತ್ತು. ದೀಪ ಆರಿತು. ಕೂಗಿದಳು. ಯಾರೂ ಬರಲಿಲ್ಲ. ಕೊನೆಗೆ ಅವಳು ಒಂದು ಕಲ್ಲು ಎತ್ತಿಕೊಂಡು, ಬಂಡೆಗೆ, ಬಡಿದಳು."

ಅವನು ನಿಲ್ಲಿಸಿದ.

ಎಲ್ಲೋ ಒಂದು ಹನಿ ನೀರಿಗೆ ಬಿತ್ತು. ಯಾರದೋ ಬಳೆ ಸದ್ದಾಯಿತು. ಇನ್ಸ್‌ಪೆಕ್ಟರ್ ಉಸಿರು ಬಿಗಿಹಿಡಿದು ಕಾದರು. ಏನೂ ಇಲ್ಲ.

"ಬಡಿದಳು," ಎಂದ ಸಪ್ಪೆ ಮತ್ತೊಮ್ಮೆ, ಸ್ವಲ್ಪ ಜೋರಾಗಿ. ಮತ್ತೆ ನಿಲ್ಲಿಸಿದ. ಈ ಸಲ ಇನ್ನೂ ಉದ್ದವಾಗಿ.

ಆಗ ಇನ್ಸ್‌ಪೆಕ್ಟರಿಗೆ ಗೊತ್ತಾಯಿತು. ಅವನೂ ಕಾಯುತ್ತಿದ್ದ. ಯಾವತ್ತೂ ಏಟು ಬೀಳದ ಕತೆಯಲ್ಲಿ ಇವತ್ತು ಏಟಿಗೆಂದು ಜಾಗ ಬಿಟ್ಟಿದ್ದ. ಬಾಗಿಲ ಹಿಂದೆ ಒಬ್ಬನಿದ್ದಾನೆಂದು ಗೊತ್ತಿಲ್ಲದವನು ಹಾಗೆ ಬಿಡುವುದಿಲ್ಲ.

ಮಣಿಕಟ್ಟು ಬಿಟ್ಟರು. ಟಾರ್ಚಿನ ಬೆಳಕು ಜನರ ತಲೆಗಳ ಮೇಲೆ ಹಾದು ನೇರವಾಗಿ ಹಸಿರಂಗಿಯ ಮುಖಕ್ಕೆ ಬಿತ್ತು. ತಲೆ ಒಂದು ಕಡೆ ವಾಲಿಸಿ, ಕಿವಿಗೊಟ್ಟು ನಿಂತಿದ್ದ.

"ಯಾರಿಗೆ ಕಾಯ್ತಿದೀಯ?" ಎಂದರು ಇನ್ಸ್‌ಪೆಕ್ಟರ್.

ಅವನು ಬಾಯಿ ತೆರೆದ. ಬಲಗೈ ಮಾತ್ರ ಬಾಯಿಗಿಂತ ಮೊದಲೇ ಪ್ಯಾಂಟಿನ ಜೇಬು ಮುಟ್ಟಿತು.

"ಕೀಲಿ."

ಕೊಟ್ಟ. ಹಿತ್ತಾಳೆ ಬೀಗದ ಪುಟ್ಟ ಕೀಲಿ, ಅಂಗೈ ಬೆವರಿಗೆ ಒದ್ದೆಯಾಗಿತ್ತು.

ಕತೆಯಕ್ಕ ತಡವರಿಸುತ್ತಾ ಹೋಗಿ ದೀಪ ಹಾಕಿದಳು. ಉದ್ದಣ್ಣ ಬೀಗ ತೆಗೆದು ಚಿಲಕ ಎಳೆದ. ಹಿಂದೆಮುಂದೆ ನೋಡದೆ, ದೆವ್ವದ ಮಾತೇ ಮರೆತು, ಅಷ್ಟು ಎತ್ತರದ ಆಳು ಮೊಣಕಾಲೂರಿ ಆ ಕುರುಡು ದಾರಿಯಲ್ಲಿ ನುಗ್ಗಿದ. ಎರಡನೇ ತಿರುವಿನಿಂದ ಅವನ ದನಿ ಬಂತು, ತಗ್ಗಿ, ಮಫ್ಲರು ಸುತ್ತಿದ ಬಾಯಿಂದ ಬಂದ ಹಾಗೆ.

"ಇದಾನೆ ಮೇಡಮ್. ಉಸಿರಿದೆ. ಪಂಪು, ಪಂಪು ತನ್ನಿ."

ಲೈಟಣ್ಣ ಪೈಪಿಗೆ ಒರಗಿ ಕೂತಿದ್ದ. ತುಟಿ ನೀಲಿಗಟ್ಟಿತ್ತು. ಎದೆ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಸ್ಪ್ಯಾನರು ಬೆರಳುಗಳ ನಡುವಿನಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಕೈ ಇನ್ನೂ ಅದನ್ನು ಹಿಡಿದುಕೊಂಡ ಆಕಾರದಲ್ಲೇ ಇತ್ತು. ಇನ್ಸ್‌ಪೆಕ್ಟರ್ ಅವನ ಗಲ್ಲ ಎತ್ತಿ ಪಂಪು ಬಾಯಿಗಿಟ್ಟು ಒತ್ತಿದರು. ಒಂದು ಸಲ. ಇನ್ನೊಂದು ಸಲ. ಮೂರನೆಯದಕ್ಕೆ ಅವನ ಕಣ್ಣು ಅರ್ಧ ತೆರೆಯಿತು.

"ಬಡಿದೆ," ಎಂದ. ಅಷ್ಟೇ.

"ಕೇಳ್ತು ಕಣಪ್ಪಾ," ಎಂದರು ಇನ್ಸ್‌ಪೆಕ್ಟರ್. "ಎಲ್ಲರಿಗೂ ಕೇಳ್ತು."

ಆಂಬುಲೆನ್ಸು ಹೋದ ಮೇಲೆ ಸ್ಥಳದ ಪಂಚನಾಮೆ ನಡೆಯಿತು. ಜಡೆಯ ಹೆಂಗಸಿನ ಗಂಡನೂ ದಪ್ಪ ಕನ್ನಡಕದ ಯಜಮಾನರೂ ಪಂಚರಾಗಿ ಸಹಿ ಹಾಕಿದರು. ಬೀಗ, ಕೀಲಿ, ಸ್ಪ್ಯಾನರು ಜಪ್ತಿಯಾದವು. ಉದ್ದಣ್ಣ ಬೀಗವನ್ನು ಕಪಾಟುಗಳ ಬೀಗಗಳ ಪಕ್ಕ ಹಿಡಿದು ನೋಡಿದ, ಅದೇ ಜೋಡಿಯದು. ಸಹಿ ಹಾಕಿದ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ನಾವು ಚಪ್ಪಾಳೆ ತಟ್ಟಿದ್ವಲ್ಲ," ಎಂದು ಎರಡು ಸಲ ಅಂದರು. ಕಾಣೆಯಾದ ಪ್ರಕರಣಕ್ಕೆ ಅಕ್ರಮ ಬಂಧನವೂ ಕೊಲೆ ಯತ್ನವೂ ಸೇರಿದವು. ಮಧ್ಯಾಹ್ನ ಎರಡೂ ಹತ್ತಕ್ಕೆ ಸಪ್ಪೆಯನ್ನು ಬಂಧಿಸಲಾಯಿತು.

ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಲೈಟಣ್ಣನ ಹೆಂಡತಿಗೆ ಫೋನು ಮಾಡಿದರು. ಆಸ್ಪತ್ರೆಯಲ್ಲಿದ್ದಾರೆ, ಉಳಿಯುತ್ತಾರಂತೆ ಎಂದರು. ಆ ಕಡೆ ಬಹಳ ಹೊತ್ತು ಅಳು. ಆಮೇಲೆ ಮೂಗು ಒರೆಸಿಕೊಂಡು ಅವಳೆಂದಳು: "ಮೇಡಮ್, ನಮ್ಮಣ್ಣನಿಗೂ ಒಂದು ಮಾತು ಹೇಳಿಬಿಡಿ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಅವನು."

"ಹೇಳ್ತೀನಮ್ಮ," ಎಂದು ಅವರು ಫೋನು ಇಟ್ಟರು. ಎದುರಿಗೆ ಬೆಂಚಿನ ಮೇಲೆ ಅಣ್ಣ ಕೂತಿದ್ದ.

ಹೇಳಿಕೆ ತೆಗೆದುಕೊಳ್ಳಲು ಉದ್ದಣ್ಣ ಕಾಗದ ಎಳೆದುಕೊಂಡ.

"ಚಿಲಕ ಹಾಕಿದ್ದು ನೀನೇ?"

"ನಾನೇ. ಜನ ಬರೋ ಮೊದಲು ಚಿಲಕ ಹಾಕಬೇಕು ಅಂತ ನಿಯಮ. ಅವನು ಒಳಗಿದಾನೆ ಅಂತ ಆಗ ಗೊತ್ತಿರಲಿಲ್ಲ ಮೇಡಮ್, ಸತ್ಯವಾಗಿ."

"ಯಾವಾಗ ಗೊತ್ತಾಯ್ತು?"

"ಬಡಿದಾಗ."

ಆಮೇಲೆ ತಾನಾಗಿಯೇ ಶುರುಮಾಡಿದ, ತಲೆ ತಗ್ಗಿಸಿಕೊಂಡು.

"ಹೋದ ತಿಂಗಳು ನಾನೇ ಬಾಯಿಬಿಟ್ಟು ಕೇಳಿದ್ದೆ. ಭಾವ, ಒಂದೇ ಒಂದು ಸಲ ನನಗೂ ಬಡಿಯೋ ಅಂತ. ತಂಗಿ ಮನೇಲಿ, ಊಟಕ್ಕೆ ಕೂತಾಗ. ನಿನ್ನ ಕತೆಗೆ ದೆವ್ವವೂ ನಿದ್ದೆ ಹೋಗುತ್ತೆ ಭಾವ ಅಂದ. ಎಲ್ಲರೂ ನಕ್ಕರು. ಅವನು ನಕ್ಕಿದ್ದಕ್ಕೆ ನನಗೇನೂ ಅನ್ನಿಸಲಿಲ್ಲ. ಬಡಿಸ್ತಾ ಬಡಿಸ್ತಾ ನಮ್ಮ ತಂಗೀನೂ ನಕ್ಕಳು."

ಉದ್ದಣ್ಣನ ಪೆನ್ನು ಓಡುತ್ತಿತ್ತು.

"ನಿನ್ನೆ ಕತೆಯಕ್ಕ ಅಂತ ತಿಳ್ಕೊಂಡು ಬಡಿದ. ನನಗೆ. ಕತ್ತಲಲ್ಲಿ ಮೂರು ಏಟು. ಒಬ್ಬಳು ಹೆಂಗಸು ಕಿರುಚಿ ನನ್ನ ತೋಳು ಹಿಡ್ಕೊಂಡಳು. ಅಷ್ಟು ವರ್ಷದಲ್ಲಿ ನನ್ನ ಕತೆಗೆ ಯಾರೂ ನನ್ನ ತೋಳು ಹಿಡ್ಕೊಂಡಿರಲಿಲ್ಲ. ದೀಪ ಹಾಕಿದ್ರೆ ಎಲ್ಲರೂ ನನ್ನನ್ನೇ ನೋಡ್ತಿದಾರೆ. ಇನ್ನೊಂದು ಗುಂಪು ಆಗ್ಲಿ, ಆಮೇಲೆ ತೆಗೆಯೋಣ ಅಂದ್ಕೊಂಡೆ. ನಾಲ್ಕು ಗಂಟೆ ಗುಂಪಿಗೆ ಅವನು ಬಡಿದ ನೋಡಿ. ಬಡಿತದಲ್ಲೇ ಗೊತ್ತಾಗ್ತಿತ್ತು, ಬಾಗಿಲು ತೆಗೀ ಅಂತಿದಾನೆ ಅಂತ. ಜನ ಚಪ್ಪಾಳೆ ಹೊಡೆದ್ರು. ಒಬ್ಬರು ಯಜಮಾನ್ರು ನನ್ನ ಕೈ ಹಿಡಿದು ಕುಲುಕಿದ್ರು. ಅವರು ಹೋದ ಮೇಲೆ ಬಾಗಿಲ ಹತ್ರ ನಿಂತೆ. ತೆಗೆದ್ರೆ ಅವನು ಕೇಳೋ ಮೊದಲನೇ ಮಾತು ಏನು ಅಂತ ಯೋಚಿಸಿದೆ. ಉತ್ತರ ಇರಲಿಲ್ಲ. ಚಿಲಕ ಯಾರಾದ್ರೂ ಎಳೆದಾರು ಅಂತ ಕಪಾಟಿನ ಬೀಗ ತಂದು ಹಾಕಿದೆ. ಮೊಪೆಡ್ಡು ತಳ್ಕೊಂಡು ಹೋಗಿ ಬಿಟ್ಟೆ. ರಾತ್ರಿ ತಂಗಿ ಅಳ್ತಿದ್ಲು. ಅವಳ ಪಕ್ಕ ಕೂತಿದ್ದೆ. ಕೀಲಿ ಜೇಬಲ್ಲಿ ಚುಚ್ಚುತಾ ಇತ್ತು. ಬೆಳಿಗ್ಗೆ ಮೊದಲನೇ ಕೆಲಸ ತೆಗೆಯೋದು ಅಂದ್ಕೊಂಡೆ. ಬೆಳಿಗ್ಗೆ ಬಂದ್ರೆ ಟಿಕೆಟ್ ಕಿಟಕೀಲಿ ನಾಲ್ಕು ಜನ, ನಿನ್ನೆ ಸಂಜೆ ಕತೆ ಹೇಳಿದ ಗೈಡೇ ಬೇಕು ಅಂತ ನಿಂತಿದಾರೆ. ನನ್ನನ್ನ ಕೇಳ್ಕೊಂಡು, ಮೇಡಮ್. ಹನ್ನೆರಡರದು ಒಂದು ಮುಗೀಲಿ ಅಂದ್ಕೊಂಡೆ."

ಅವನು ನಿಲ್ಲಿಸಿದ. ಉದ್ದಣ್ಣನ ಪೆನ್ನು ಯಾವಾಗಲೋ ನಿಂತಿತ್ತು. ವೈರ್‌ಲೆಸ್ ಮುಂದೆ ಕೂತಿದ್ದ ಕಾನ್‌ಸ್ಟೇಬಲ್ ಅದರ ದನಿ ತಗ್ಗಿಸಿ ಈ ಕಡೆ ತಿರುಗಿದ್ದ. ಬಾಗಿಲಲ್ಲಿ, ಬೇರೆ ಯಾವುದೋ ದೂರು ಕೊಡಲು ಬಂದಿದ್ದ ಗಂಡಹೆಂಡಿರು, ಬಂದ ಕೆಲಸ ಮರೆತು ನಿಂತಿದ್ದರು.

ಸಪ್ಪೆ ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದ, ಸ್ವಲ್ಪ ಹೊತ್ತು, ಏನೋ ಬರಲಿದೆ ಎಂಬಂತೆ.

ಇನ್ಸ್‌ಪೆಕ್ಟರ್ ಕಾಗದವನ್ನು ಅವನ ಕಡೆ ತಿರುಗಿಸಿದರು.

"ಇಲ್ಲಿ ಸಹಿ ಹಾಕು."